ನಾಲ್ಕು ಕಾಲ ಬಾಳುವ ಟೀಪಾಯಿ

ನಾನು ಮೊದಲ ಟೀಪಾಯಿ ಮಾಡಿದ್ದು ಒಂದು ಜುಲೈ ತಿಂಗಳಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ಮನೆ. ಹನಿ ಕಡಿಯದ ಮಳೆ, ತೋಟಕ್ಕೆ ಇಳಿಯುವ ಹಾಗಿಲ್ಲ. ಜಗಲಿಯಲ್ಲಿ ಕೂತು ಹಲಗೆ ಕೂಡಿಸಿದೆ. ಚೌಕಟ್ಟಿಗೆ ಫೆವಿಕಾಲ್ ಬಳಿದು, ಮೇಲ್ಹಲಗೆ ಇಟ್ಟು, ಹನ್ನೆರಡು ಮೊಳೆ ಹೊಡೆದು ಗಟ್ಟಿ ಮಾಡಿದೆ. ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದ್ದಾಗ ಪಟ್ ಅಂತ ಸದ್ದು. ಎದ್ದು ನೋಡಿದರೆ ಹಲಗೆಯ ನಡುವೆ ಎರಡಡಿ ಉದ್ದ ಸೀಳು, ಉಗುರು ಹೋಗುವಷ್ಟು ಅಗಲ.

ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಆಚಾರ್ರನ್ನು ಕರೆಸಿ ತೋರಿಸಿದೆ. ಅವರು ಸೀಳಿನ ಮೇಲೆ ಬೆರಳಾಡಿಸಿ, "ಅಮ್ಮಾ, ಆಷಾಢದಲ್ಲಿ ನಿಮ್ಮ ಬಚ್ಚಲಮನೆ ಬಾಗಿಲು ಹಿಡ್ಕೊಳ್ತದಲ್ವಾ? ಬೇಸಿಗೇಲಿ ಸಡಿಲ ಆಗ್ತದಲ್ವಾ? ಈ ಹಲಗೇನೂ ಹಾಗೇ. ನೀವು ಅದಕ್ಕೆ ಅಲ್ಲಾಡಕ್ಕೆ ಬಿಡ್ಲಿಲ್ಲ" ಅಂದರು.

ಟೀಪಾಯಿ ಮಾಡುವವರು ಉಳಿ ಮುಟ್ಟುವ ಮುಂಚೆ ಈ ಮಾತನ್ನು ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ಹಲಗೆ ಗಾಳಿಯ ತೇವ ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅಗಲಕ್ಕೇ ಕುಗ್ಗುತ್ತದೆ. ಮರದ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಈಗ ನಮ್ಮ ಮನೆಯಲ್ಲಿರುವ ಟೀಪಾಯಿಯ ಅಗಲ ಮಾರ್ಚ್‌ನಲ್ಲಿ ಸರಿಯಾಗಿ 20 ಇಂಚು. ಆಗಸ್ಟ್‌ನಲ್ಲಿ ಅಳೆದರೆ ಎರಡು ನೂಲಿಗೆ ಸ್ವಲ್ಪ ಕಡಿಮೆ ಬೆಳೆದಿತ್ತು. ನೂಲು ಅಂದರೆ ಆಚಾರ್ರ ಲೆಕ್ಕ, ಇಂಚಿಗೆ ಎಂಟು ನೂಲು. ಅಷ್ಟು ಓಡಾಟಕ್ಕೆ ಜಾಗ ಇಟ್ಟು ಮಾಡಿದರೆ ಹಲಗೆ ಸೀಳುವುದಿಲ್ಲ.

ಈಗ ಮರ. ನಮ್ಮ ಕಡೆ ಒಳ್ಳೆ ಮರ ಅಂದರೆ ತೇಗ, ಬೀಟೆ. ಎರಡನ್ನೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕೊಳ್ಳಲು ಹೋದರೆ ಬೆಲೆ ಜಾಸ್ತಿ. ನಾನು ಹಿಡಿದದ್ದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಮರ, ಕಾಫಿಗೆ ನೆರಳು ಕೊಡುತ್ತಾ, ಮೆಣಸಿನ ಬಳ್ಳಿ ಹೊರುತ್ತಾ ನಮ್ಮ ತೋಟಗಳಲ್ಲಿ ನಿಂತುಬಿಟ್ಟಿದೆ. ಅದು ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಮಾತ್ರ ಲಾಯಕ್ಕು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ದಿಮ್ಮಿಯನ್ನು ಸಾಮಿಲ್‌ನಲ್ಲಿ ಸಾಲಾಗಿ ಸೀಳುತ್ತಾರಲ್ಲ, ಆಗ ನಟ್ಟನಡುವಿನ ತಿರುಳಿನ ಪಕ್ಕದ ಎರಡು ಮೂರು ಹಲಗೆಗಳನ್ನು ನಿಮಗೇ ಇರಲಿ ಅಂತ ಕೇಳಿ ಇಟ್ಟುಕೊಳ್ಳಿ. ಆ ಹಲಗೆಗಳಲ್ಲಿ ಓಡಾಟವೂ ಕಡಿಮೆ, ಉಜ್ಜಿದಾಗ ಚಂದವೂ ಜಾಸ್ತಿ. ತಿರುಳಿರುವ ಭಾಗವನ್ನು ಮಾತ್ರ ಕತ್ತರಿಸಿ ಒಲೆಗೆ ಹಾಕಿ, ಅದು ಬಿರಿಯದೆ ಇರುವುದಿಲ್ಲ. ತೋಟದ ಮರವಾದರೆ ಒಳಗೆ ಬೇಲಿ ತಂತಿ, ಹಳೆ ಮೊಳೆ ಹೂತಿರಬಹುದು. ಸಾಮಿಲ್‌ನವರಿಗೆ ಮೊದಲೇ ಹೇಳಿ.

ಇನ್ನೊಂದು ಮಾತು. ಹಸಿ ಸಿಲ್ವರ್ ಓಕಿನ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ನನಗೆ ಮೊಣಕೈವರೆಗೂ ಗಂದೆ ಎದ್ದು ನಾಲ್ಕು ದಿನ ಉರಿಯಿತು. ಈಗ ತುಂಬುತೋಳಿನ ಅಂಗಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಗರಗಸ ಹಿಡಿಯುತ್ತೇನೆ.

ಸೀಳಿದ ಹಲಗೆಯಲ್ಲಿ ತಕ್ಷಣ ಕೆಲಸ ಮಾಡಬೇಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಹಳೇ ಲೆಕ್ಕ, ಅದು ಸರಿಯಾಗೇ ಇದೆ. ಹಲಗೆಯ ಎರಡೂ ತುದಿಗೆ ಹಳೇ ಪೇಂಟ್ ಬಳಿಯಿರಿ. ತುದಿಯಿಂದ ತೇವ ಬೇಗ ಹೋಗಿ ಅಲ್ಲೇ ಮೊದಲು ಬಿರುಕು ಬಿಡುತ್ತದೆ, ಅದಕ್ಕೆ. ಆಮೇಲೆ ಒಂದರ ಮೇಲೊಂದು ಪೇರಿಸಿ, ನಡುವೆ ಒಂದೂವರೆ ಅಡಿಗೊಂದು ರೀಪರ್ ತುಂಡು ಇಡಿ. ರೀಪರ್‌ಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಇರಲಿ, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ನಾನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ.

ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ತೂಕ ಮಾಡಿ. ನಮ್ಮಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿ ಇದೆ. ಒಂದು ಹಲಗೆಯನ್ನು ಗುರುತು ಮಾಡಿಕೊಂಡು ತಿಂಗಳಿಗೊಮ್ಮೆ ಅದರಲ್ಲಿ ತೂಗಿ, ತಾರೀಕು ಮತ್ತು ತೂಕವನ್ನು ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆದೆ. ಜನವರಿಯಲ್ಲಿ 6 ಕೆ.ಜಿ. 300 ಗ್ರಾಂ ಇದ್ದದ್ದು ಮಳೆಗಾಲದಲ್ಲಿ ಇಳಿಯದೆ ನಿಂತು, ಮುಂದಿನ ಫೆಬ್ರವರಿಗೆ 4 ಕೆ.ಜಿ. 200ಕ್ಕೆ ಬಂತು. ಮಾರ್ಚ್‌ನಲ್ಲೂ ಅಷ್ಟೇ. ಆಗ ಕೆಲಸ ಶುರು ಮಾಡಿದೆ.

ಅಳತೆ ಹೀಗಿದೆ. ಮೇಲ್ಹಲಗೆ 42 ಇಂಚು ಉದ್ದ, 20 ಇಂಚು ಅಗಲ, ಉಜ್ಜಿದ ಮೇಲೆ ಒಂದು ಇಂಚು ದಪ್ಪ. ಅದಕ್ಕೆ 7 ಇಂಚಿನ ಮೂರು ಹಲಗೆ ಬೇಕು. ಕಾಲು ನಾಲ್ಕು, 2 ಇಂಚು ಚೌಕ, 15 ಇಂಚು ಎತ್ತರ. ಚೌಕಟ್ಟಿನ ಪಟ್ಟಿಗಳು 3 ಇಂಚು ಅಗಲ, ಒಂದು ಇಂಚು ದಪ್ಪ. ಉದ್ದದವು ಎರಡು, 34¼ ಇಂಚು. ಗಿಡ್ಡವು ಎರಡು, 13¼ ಇಂಚು. ಒಟ್ಟು ಎತ್ತರ 16 ಇಂಚು ಬರುತ್ತದೆ. ನಿಮ್ಮ ಸೋಫಾದ ಸೀಟಿಗಿಂತ ಒಂದೆರಡು ಇಂಚು ತಗ್ಗಿದ್ದರೆ ಕಾಫಿ ಲೋಟ ಎತ್ತಿಕೊಳ್ಳಲು ಹಿತ.

ಸಾಮಾನು ಜಾಸ್ತಿ ಬೇಡ. ಗರಗಸ, ತೋಪಡ (ಮರ ಹೆರೆದು ನಯಮಾಡುವ ಕೀಸುಳಿ), ಮೂರು ನೂಲಿನ ಒಂದು ಉಳಿ, ಮುಕ್ಕಾಲು ಇಂಚಿನ ಇನ್ನೊಂದು ಉಳಿ, ಕೊಡತಿ, ಮೂಲೆಮಟ್ಟ, ಕೈ ಡ್ರಿಲ್, ಸಾಣೆಕಲ್ಲು. ಇವುಗಳಲ್ಲಿ ಸಾಣೆಕಲ್ಲಿಗೇ ನಾನು ಹೆಚ್ಚು ಮರ್ಯಾದೆ ಕೊಡುವುದು. ಉಳಿ ಹರಿತವಾಗಿದೆಯೋ ನೋಡಲು ಹಲಗೆಯ ತುದಿಯನ್ನು, ಎಳೆ ಕಡಿದ ಕಡೆ, ಕೈಯಿಂದಲೇ ತಳ್ಳಿ ಕೆತ್ತಿ. ಕೆತ್ತಿದ ಜಾಗ ನುಣ್ಣಗೆ ಹೊಳೆದರೆ ಸರಿ. ಪುಡಿ ಉದುರಿದರೆ ಮತ್ತೆ ಕಲ್ಲಿನ ಹತ್ತಿರ ಹೋಗಿ.

ಮೊದಲು ಮೇಲ್ಹಲಗೆ. ಪಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಜೋಡಿಸಿ ಹಿಡಿದು, ಎರಡರ ಅಂಚನ್ನೂ ಒಟ್ಟಿಗೇ ತೋಪಡದಿಂದ ಉಜ್ಜಿ. ಕೈ ಸ್ವಲ್ಪ ವಾಲಿದರೂ ಪುಸ್ತಕ ಬಿಚ್ಚಿದಾಗ ಒಂದರ ವಾಲು ಇನ್ನೊಂದಕ್ಕೆ ಸರಿಹೋಗುತ್ತದೆ. ಆಮೇಲೆ ಅಂಚಿಗೆ ಅಂಚು ನಿಲ್ಲಿಸಿ ಕಿಟಕಿ ಕಡೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಕಾಣಬಾರದು. ಕಂಡರೆ ಫೆವಿಕಾಲ್ ತುಂಬಿ ಮುಚ್ಚುವ ಯೋಚನೆ ಮಾಡಬೇಡಿ, ಮತ್ತೆ ಉಜ್ಜಿ. ಬಿಗಿಯಲು ಕ್ಲಾಂಪ್ ಇಲ್ಲದಿದ್ದರೆ ಎರಡು ದಪ್ಪ ರೀಪರ್‌ಗೆ ತುದಿಗೊಂದು ಅಡ್ಡ ತುಂಡು ಹೊಡೆದು, ನಡುವೆ ಹಲಗೆ ಕೂರಿಸಿ, ಒಂದು ಕಡೆ ಜೋಡಿ ಬೆಣೆ ಬಡಿಯಿರಿ. ಬೆಣೆಯ ಬಿಗಿ ಕ್ಲಾಂಪಿಗಿಂತ ಕಡಿಮೆಯೇನಲ್ಲ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ.

ಅಂಟು ಒಣಗಿದ ಮೇಲೆ ಮೇಲ್ಮೈ ಉಜ್ಜುವುದು. ಈ ಕೆಲಸವೆಂದರೆ ನನಗೆ ಪ್ರಾಣ. ಒರಟು ಬೂದು ಬಣ್ಣ ಎದ್ದು ಹೋಗುತ್ತಿದ್ದ ಹಾಗೆ ಕೆಳಗಿನಿಂದ ತಿಳಿ ಗುಲಾಬಿ ಬಣ್ಣ ಬರುತ್ತದೆ. ಅದರ ಮೇಲೆ ಮೀನಿನ ಹುರುಪೆಯ ಹಾಗೆ ಚುಕ್ಕಿ ಚುಕ್ಕಿ ಮಿಂಚು. ಹಲಗೆಯನ್ನು ಅತ್ತ ಇತ್ತ ವಾಲಿಸಿದರೆ ಒಂದು ಚುಕ್ಕಿ ಮಂಕಾಗಿ ಇನ್ನೊಂದು ಹೊಳೆಯುತ್ತದೆ. ಆದರೆ ಇದೇ ಚುಕ್ಕಿಗಳ ಹತ್ತಿರ ಎಳೆ ಕಿತ್ತುಕೊಂಡು ಬರುತ್ತದೆ. ಅಲಗನ್ನು ಕೂದಲೆಳೆಯಷ್ಟೇ ಹೊರಗಿಟ್ಟು, ತೋಪಡವನ್ನು ನೇರ ತಳ್ಳದೆ ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿ. ಹೊರಬರುವ ಸಿಪ್ಪೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದರೆ ಕೈ ಸರಿಯಾಗಿದೆ ಅಂತ ಅರ್ಥ.

ಇನ್ನು ಕಾಲು ಮತ್ತು ಪಟ್ಟಿಯ ಜೋಡಣೆ. ಕಾಲಿನಲ್ಲಿ ತೂತು, ಪಟ್ಟಿಯ ತುದಿಯಲ್ಲಿ ನಾಲಿಗೆ. ಪಟ್ಟಿಯ ದಪ್ಪದಲ್ಲಿ ಮೂರನೇ ಒಂದು ಪಾಲು ನಾಲಿಗೆ ಇರಬೇಕು, ಅಂದರೆ ಸುಮಾರು ಮೂರು ನೂಲು. ಅದಕ್ಕೇ ಆ ಉಳಿ. ನಾಲಿಗೆಯ ಉದ್ದ 1⅛ ಇಂಚು, ಅಗಲ 2 ಇಂಚು. ಮೇಲೆ ಕೆಳಗೆ ಅರ್ಧರ್ಧ ಇಂಚು ಬಿಡಿ. ಗುರುತನ್ನು ಪೆನ್ಸಿಲ್‌ನಲ್ಲಿ ಹಾಕಬೇಡಿ, ಚಾಕುವಿನಲ್ಲಿ ಗೀರಿ. ಪೆನ್ಸಿಲ್ ಗೆರೆಗೂ ದಪ್ಪ ಇದೆ, ಉಳಿ ಅದರೊಳಗೆ ಎಲ್ಲಿ ಬೇಕಾದರೂ ಕೂರುತ್ತದೆ. ಚಾಕುವಿನ ಗೀರಿಗೆ ಮಾತ್ರ ಉಳಿ ತಾನಾಗಿ ಬಂದು ಬೀಳುತ್ತದೆ.

ಕಾಲುಗಳನ್ನು ಮೊದಲು 16 ಇಂಚಿಗೇ ಕತ್ತರಿಸಿ. ತೂತು ಹೊಡೆಯುವಾಗ ತಲೆಯ ಕಡೆ ಆ ಹೆಚ್ಚಿನ ಮರ ಇದ್ದರೆ ಸೀಳುವುದಿಲ್ಲ. ಜೋಡಣೆ ಮುಗಿದ ಮೇಲೆ ಅದನ್ನು ಕತ್ತರಿಸಿ ಹಾಕಿ. ತೂತಿನ ಆಳ 1¼ ಇಂಚು. ಡ್ರಿಲ್‌ನಿಂದ ಸಾಲಾಗಿ ಕೊರೆದು, ಉಳಿದದ್ದನ್ನು ಉಳಿಯಿಂದ ತೆಗೆಯಿರಿ. ಎರಡು ಪಕ್ಕದ ತೂತುಗಳು ಕಾಲಿನೊಳಗೆ ಒಂದಕ್ಕೊಂದು ಸೇರುತ್ತವೆ, ಹಾಗಾಗಿ ನಾಲಿಗೆಗಳ ತುದಿಯನ್ನು 45 ಡಿಗ್ರಿಗೆ ಓರೆ ಕತ್ತರಿಸಬೇಕು. ನಾಲಿಗೆ ಕೈಯಿಂದ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಮೆತ್ತನೆ ಪೆಟ್ಟು ಬೇಕು. ಜೋರಾಗಿ ಬಡಿದರೇ ಹೋಗುತ್ತದೆ ಅಂದರೆ ಕಾಲು ಸೀಳುತ್ತದೆ. ನನ್ನ ಮೊದಲ ಜೋಡಣೆಗೆ ಪೂರಾ ಒಂದು ದಿನ ಹಿಡಿಯಿತು, ಎಂಟನೆಯದಕ್ಕೆ ಒಂದು ಗಂಟೆ.

ಅಂಟು ಹಾಕಿ ಜೋಡಿಸಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ನಮ್ಮ ಅಳತೆಗೆ ಎರಡೂ 39 ಇಂಚು ಬರಬೇಕು. ಒಂದು ಜಾಸ್ತಿ ಇದ್ದರೆ ಆ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಮಾಡಿ, ಆಮೇಲೆ ಒಣಗಲು ಬಿಡಿ.

ಮೊಳೆ ಹೊಡೆದು ನಾನು ಕೆಟ್ಟದ್ದು ಮೇಲ್ಹಲಗೆ ಕೂರಿಸುವಲ್ಲಿ. ಈಗ ಹೀಗೆ ಮಾಡುತ್ತೇನೆ. ಪಟ್ಟಿಗಳ ಒಳಮೈಯಲ್ಲಿ, ಮೇಲಂಚಿನಿಂದ ಅರ್ಧ ಇಂಚು ಕೆಳಗೆ, ಮೂರು ನೂಲು ಅಗಲದ ಗಾಡಿ, ಅಂದರೆ ಪಟ್ಟಿಯ ಉದ್ದಕ್ಕೂ ಕಾಲುವೆಯ ಹಾಗೆ ಹಳ್ಳ, ತೆಗೆಯಬೇಕು. ಇದನ್ನು ಪಟ್ಟಿ ಜೋಡಿಸುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಬೆಂಕಿಪೊಟ್ಟಣದಷ್ಟು ದೊಡ್ಡ ಎಂಟು ಮರದ ತುಂಡು ಕತ್ತರಿಸಿ, ಪ್ರತಿಯೊಂದರ ಒಂದು ತುದಿಯಲ್ಲಿ ಮೆಟ್ಟಿಲಿನ ಹಾಗೆ ಕೆತ್ತಿ ಚಿಕ್ಕ ತುಟಿ ಬಿಡಿ. ಎಳೆ ತುಟಿಯ ಉದ್ದಕ್ಕೇ ಹೋಗಬೇಕು, ಅಡ್ಡ ಹೋದರೆ ಮುರಿಯುತ್ತದೆ. ತುಟಿ ಗಾಡಿಯೊಳಗೆ ಕೂರುತ್ತದೆ, ತುಂಡಿಗೆ ಹಾಕಿದ ಸ್ಕ್ರೂ ಮೇಲ್ಹಲಗೆಗೆ ಹೋಗುತ್ತದೆ. ಚೌಕಟ್ಟಿಗೂ ಮೇಲ್ಹಲಗೆಗೂ ಅಂಟು ಒಂದು ತೊಟ್ಟೂ ಬೇಡ. ಉದ್ದ ಪಟ್ಟಿಯ ಕಡೆ ತುಟಿಯ ಮುಂದೆ ಎರಡು ನೂಲು ಖಾಲಿ ಬಿಡಿ. ಹಲಗೆ ಅಗಲವಾದಾಗ ತುಟಿ ಗಾಡಿಯಲ್ಲಿ ಜಾರಿಕೊಳ್ಳುತ್ತದೆ. ಸ್ಕ್ರೂ ಒಂದು ಇಂಚಿನ ಹಲಗೆಯಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ಇಳಿಯದಂತೆ ಮೊದಲೇ ಅಳೆದುಕೊಳ್ಳಿ.

ಪಾಲಿಶ್‌ಗೆ ನಾನು ಅಗಸೆ ಎಣ್ಣೆ, ಜೇನುಮೇಣ ಬಳಸುತ್ತೇನೆ. ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ, ಎರಡು ಮೂರು ದಿನ ಒಣಗಿಸಿ. ಹೀಗೆ ಮೂರು ಸಲ. ಮೇಲೆ ಎಷ್ಟು ಹಚ್ಚಿದಿರೋ ಅಡಿಗೂ ಅಷ್ಟೇ ಹಚ್ಚಿ. ಒಂದು ಮೈಗೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ತೇವ ಒಂದು ಕಡೆಯಿಂದಲೇ ಜಾಸ್ತಿ ಓಡಾಡಿ ಹಲಗೆ ತಟ್ಟೆಯ ಹಾಗೆ ಬಾಗುತ್ತದೆ. ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ಒಣಗುವಾಗ ತಾನಾಗೇ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಅಂಗಳದ ತಂತಿಯ ಮೇಲೆ ಬಿಡಿಸಿ ಹಾಕಿ. ಕೊನೆಗೆ ಮೇಣ ತಿಕ್ಕಿ ಒಣಬಟ್ಟೆಯಲ್ಲಿ ಹೊಳಪು ಬರಿಸಿ. ಬಿಸಿ ಸ್ಟೀಲ್ ಲೋಟ ಇಟ್ಟು ಮೇಣದ ಮೇಲೆ ಬಿಳಿ ಉಂಗುರ ಬಿದ್ದರೆ, ಆ ಜಾಗಕ್ಕೆ ಮತ್ತೆ ಎಣ್ಣೆ, ಮೇಣ ತಿಕ್ಕಿದರಾಯಿತು.

ಮೊದಲ ಮಳೆಗಾಲ ಕಳೆದ ಮೇಲೆ ಟೀಪಾಯಿಯನ್ನು ಬೋರಲು ಹಾಕಿ ಎಂಟೂ ತುಂಡುಗಳನ್ನು ನೋಡಿ. ನಾನು ಸೆಪ್ಟೆಂಬರ್ ಕೊನೆಗೆ ನೋಡಿದಾಗ ತುಟಿಗಳು ಗಾಡಿಯಲ್ಲಿ ಹೊರಮುಖವಾಗಿ ಜರುಗಿದ್ದವು. ಜರುಗಿದಷ್ಟೂ ಜಾಗದಲ್ಲಿ ಎಣ್ಣೆ ತಿಕ್ಕಿ ಹೋಗಿ ಮರ ಹೊಳೆಯುತ್ತಿತ್ತು. ಎರಡು ಸ್ಕ್ರೂ ಸಡಿಲ ಆಗಿದ್ದವು, ಅರ್ಧ ಸುತ್ತು ಬಿಗಿ ಮಾಡಿ ಟೀಪಾಯಿಯನ್ನು ಮತ್ತೆ ಜಗಲಿಗೆ ತಂದಿಟ್ಟೆ.