ಗೌರಿಬಿದನೂರಿನ ಮಾವಿನ ತೋಪಿನಲ್ಲಿ ಎರಡು ದಿನ: ನನ್ನ ಅನುಭವ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯ ಮಾನವ ಹಕ್ಕು ಕಾರ್ಯಕರ್ತರನ್ನು ಒಂದು ಕಡೆ ಸೇರಿಸೋಣ ಎಂದಾಗ ಎಲ್ಲರೂ ಮೊದಲು ಕೇಳಿದ್ದು, "ಭಾಷಣಕ್ಕೆ ಯಾರನ್ನು ಕರೆಯೋಣ?" ನನಗಿದ್ದ ಚಿಂತೆ ಬೇರೆ. ಪಾವಗಡದ ಹೆಂಗಸರು ಬರೋದು ಹೇಗೆ, ವಾಪಸ್ ಹೋಗೋದು ಹೇಗೆ?

ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ಅಲ್ಲಿಂದ ಕೋಲಾರಕ್ಕೆ ಬಸ್ಸು ಬದಲಾಯಿಸುತ್ತಾ ಹೊರಟರೆ ಒಂದು ದಿನದ ಕೂಲಿ ದಾರಿಯಲ್ಲೇ ಹೋಗುತ್ತದೆ. ಅದಕ್ಕೇ ನಡುವೆ ಸಿಗುವ ಗೌರಿಬಿದನೂರನ್ನು ಆರಿಸಿಕೊಂಡೆವು. ಡಿಸೆಂಬರ್ 9 ಮತ್ತು 10. ವಿಶ್ವಸಂಸ್ಥೆ 1948ರಲ್ಲಿ ಮಾನವ ಹಕ್ಕುಗಳ ಘೋಷಣೆ ಒಪ್ಪಿದ ದಿನ ಡಿಸೆಂಬರ್ 10. ನಮ್ಮ ಕಡೆ ಅದು ಅವರೆಕಾಯಿ ಕಾಲವೂ ಹೌದು. ಊರೂರಿಂದ ರಾಗಿ, ಅಕ್ಕಿ, ಅವರೆಕಾಯಿ ಕೇಳಿ ತಂದೆವು. ದುಡ್ಡಿನ ಚಂದಾ ಪೂರ್ತಿ ಬಸ್ ಚಾರ್ಜಿಗೆ ಮತ್ತು ಸಾಕ್ಷಿ ಹೇಳುವವರ ಎರಡು ದಿನದ ಕೂಲಿಗೆ ಮೀಸಲಿಟ್ಟೆವು. ಕೂಲಿ ಕೊಡಬಾರದು, ಚಳವಳಿ ಕೆಡುತ್ತದೆ ಎಂದು ಕೆಲವರು ವಾದ ಮಾಡಿದರು. ನಾನು ಒಪ್ಪಲಿಲ್ಲ. ನಮ್ಮ ಸಭೆಗೆ ಬಂದು ಅವರ ಒಲೆ ಆರಬಾರದು ಅಲ್ವಾ?

ಬುಕ್ ಮಾಡಿದ್ದ ಛತ್ರ ನಾಲ್ಕು ದಿನ ಮುಂಚೆ ಕೈತಪ್ಪಿತು. ಕರಪತ್ರದಲ್ಲಿ "ದಲಿತರ ಮೇಲಿನ ದೌರ್ಜನ್ಯ" ಎಂಬ ಸಾಲು ಓದಿದ ಮೇಲೆ ಛತ್ರದವರು ಅಡ್ವಾನ್ಸ್ ವಾಪಸ್ ಕಳಿಸಿದರು. ಗೆಳೆಯರೊಬ್ಬರ ಮಾವಿನ ತೋಪಿನಲ್ಲಿ ಶಾಮಿಯಾನ ಹಾಕಿದೆವು. ವೇದಿಕೆ ಇರಲಿಲ್ಲ. ಜಮಖಾನದ ಮೇಲೆ ಎಲ್ಲರೂ ಸುತ್ತ ಕೂತೆವು.

ಮೊದಲ ಮಾತು ಕೋಲಾರದ ಕಡೆಯ ಒಬ್ಬ ಅಜ್ಜಿಯದು. ಮಗನ ಮೇಲೆ ಹಲ್ಲೆ ಆದ ಕೇಸಿನಲ್ಲಿ ಅವರೇ ಮುಖ್ಯ ಸಾಕ್ಷಿ. ತೆಲುಗಿನಲ್ಲಿ ಶುರು ಮಾಡಿದರು. ಯಾರೋ "ಕನ್ನಡದಲ್ಲಿ ಹೇಳಮ್ಮ" ಎಂದರು. ಅಜ್ಜಿ ಸುಮ್ಮನಾಗಿಬಿಟ್ಟರು. ನನಗೆ ಕರುಳು ಚುರ್ ಎಂದಿತು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ದುಃಖ ಬರುವುದೂ ಅದೇ ಭಾಷೆಯಲ್ಲಿ. ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿ, "ನೀವು ತೆಲುಗಲ್ಲೇ ಹೇಳಿ, ಇವಳು ಕನ್ನಡದಲ್ಲಿ ಹೇಳುತ್ತಾಳೆ" ಎಂದೆವು. ಮತ್ತೆ ಮಾತು ಬಂತು.

ಸಾಕ್ಷಿಗಳ ವಿಷಯವನ್ನೇ ನಡುವೆ ಇಟ್ಟುಕೊಂಡದ್ದಕ್ಕೆ ಕಾರಣ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಕೋರ್ಟಿನಲ್ಲಿ ಮೊದಲಿನ ಹೇಳಿಕೆಗೆ ನಿಲ್ಲದೆ ಮಾತು ಬದಲಿಸಿದ್ದರು. ಅವರನ್ನು ದೂರುವುದು ಸುಲಭ. ಅದೇ ಊರಲ್ಲಿ, ಅದೇ ಹೊಲಗಳಲ್ಲಿ ದುಡಿದು ಬದುಕಬೇಕಾದವರು ವರ್ಷಗಟ್ಟಲೆ ಒಬ್ಬರೇ ಎಷ್ಟು ದಿನ ನಿಲ್ಲುತ್ತಾರೆ? ಆ ವರ್ಷಗಳಲ್ಲಿ ಅವರ ಪಕ್ಕದಲ್ಲಿ ನಾವು ಎಷ್ಟು ಜನ ಇದ್ದೆವು?

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು ಉಂಡ ಮೇಲೆ ಫೈಲು ಬಿಚ್ಚಿದೆವು. ಮೂವರು ವಕೀಲರು ಮೂರು ಚಾಪೆ. ಎಫ್‌ಐಆರ್, ಹಿಂಬರಹ (ಅರ್ಜಿಗೆ ಕಚೇರಿಯವರು ಬರೆದುಕೊಡುವ ಉತ್ತರ), ಆಸ್ಪತ್ರೆ ಚೀಟಿ, ಏನಿದ್ದರೂ ತನ್ನಿ ಎಂದು ಮೊದಲೇ ಹೇಳಿದ್ದೆವು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಮಡಿಸಿ ಹರಿದುಹೋದ ಕಾಗದಗಳು ಹೊರಬಂದವು. ಅಜ್ಜಿ ಪ್ರತಿ ವಾಯಿದೆಗೂ ಸಾಲ ಮಾಡಿ ಕೋರ್ಟಿಗೆ ಹೋಗುತ್ತಿದ್ದರು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೇ ನಿಯಮ ಇದೆ. ಅದರ ಪ್ರಕಾರ ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು ಕೊಡಬೇಕು. ಊರು ಬಿಟ್ಟು ಬಂದ ದಿನಗಳಿಗೆ ಕೃಷಿ ಕೂಲಿಯ ಕನಿಷ್ಠ ದರಕ್ಕೆ ಕಡಿಮೆ ಇಲ್ಲದ ಭತ್ಯೆ ಕೊಡಬೇಕು. ಅದೂ ತಕ್ಷಣ, ತಪ್ಪಿದರೆ ಮೂರು ದಿನದೊಳಗೆ. ಇದು ಅಜ್ಜಿಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಈ ಕೆಲಸದಲ್ಲಿರುವ ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅಲ್ಲೇ ಕೂತು ಜಿಲ್ಲಾಧಿಕಾರಿಗೆ ಅರ್ಜಿ ಬರೆದೆವು.

ಮಧುಗಿರಿ ಕಡೆಯ ಇಬ್ಬರು ಜೀತದಿಂದ ಹೊರಬಂದಿದ್ದರೂ ಬಿಡುಗಡೆ ಪತ್ರ ಸಿಕ್ಕಿರಲಿಲ್ಲ. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ. ಉಪವಿಭಾಗಾಧಿಕಾರಿಗೆ ಅವರದೂ ಅರ್ಜಿ ತಯಾರಾಯಿತು.

ರಾತ್ರಿ ಬೆಂಕಿ ಸುತ್ತ ತಮಟೆ, ಹಾಡು. ಬೆಳಿಗ್ಗೆ ಕೆಲವರು ವಿದುರಾಶ್ವತ್ಥಕ್ಕೆ ಹೋಗಿಬಂದರು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು.

ಒಂದು ತಪ್ಪು ಮಾಡಿದೆವು, ಹೇಳಲೇಬೇಕು. ನಮ್ಮಲ್ಲೇ ಒಬ್ಬರು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಅದರಲ್ಲಿ ಒಬ್ಬ ಹೆಂಗಸಿನ ಮುಖ ಕಾಣುತ್ತಿತ್ತು. ಸಂಜೆಯೊಳಗೆ ಅವರ ಊರಿಗೆ ತಲುಪಿತು. ಮಾರನೇ ದಿನ ಅಂಗಡಿಯವರು ಅವರಿಗೆ ಸಾಮಾನು ಕೊಡಲಿಲ್ಲ. ಬಹಿಷ್ಕಾರವೂ ದೌರ್ಜನ್ಯ ಕಾಯ್ದೆಯಡಿ ಅಪರಾಧ ಎಂದು ಮರುದಿನವೇ ದೂರು ಕೊಟ್ಟೆವು, ನಿಜ. ಆದರೂ ಆ ಕಷ್ಟ ಅವರ ಮನೆಗೆ ಹೋದದ್ದು ನಮ್ಮ ಕೈಯಿಂದ. ಈಗ ನಾವು ಸೇರಿದ ಕಡೆ ಊಟದ ಹೊತ್ತು ಬಿಟ್ಟರೆ ಫೋನು ಬುಟ್ಟಿಯಲ್ಲಿರುತ್ತದೆ.

ಕೊನೆಯ ದಿನ ಠರಾವು ಓದಲಿಲ್ಲ. ಮರಕ್ಕೆ ದೊಡ್ಡ ಹಾಳೆ ಕಟ್ಟಿ ಪ್ರತಿ ಕೇಸಿನ ಮುಂದಿನ ವಾಯಿದೆ ಬರೆದೆವು. ಎದುರಿಗೆ ಆ ದಿನ ಜೊತೆಗೆ ಹೋಗುವ ನಾಲ್ವರ ಹೆಸರು. ಹೆಸರು ಬರೆಸುವಾಗ ಭಾಷಣದಲ್ಲಿ ಮುಂದಿದ್ದ ಕೆಲವರು ಹಿಂದೆ ಸರಿದರು. ಅಡುಗೆ ಮಾಡುತ್ತಿದ್ದ ಇಬ್ಬರು ಕೈ ಒರೆಸಿಕೊಂಡು ಬಂದು ಬರೆಸಿದರು.

ಜನವರಿಯಲ್ಲಿ ಅಜ್ಜಿಯ ವಾಯಿದೆಗೆ ನಾಲ್ವರೂ ಹೋದರು. ಕೋರ್ಟಿನ ಬೆಂಚಿನ ಮೇಲೆ ಸಂಜೆವರೆಗೆ ಅವರ ಪಕ್ಕ ಕೂತರು. ಅವತ್ತು ವಿಚಾರಣೆ ನಡೆಯಲಿಲ್ಲ, ಮುಂದಿನ ತಿಂಗಳಿಗೆ ಹೋಯಿತು. ಹಾಳೆ ನಮ್ಮ ಆಫೀಸಿನ ಗೋಡೆ ಮೇಲಿದೆ. ಹಳೇ ತಾರೀಕು ಹೊಡೆದು ಹೊಸದು ಬರೆದೆವು. ಎದುರಿಗೆ ಮತ್ತೆ ನಾಲ್ಕು ಹೆಸರು.