ಸಮುದ್ರ ನೋಡದ ಮಕ್ಕಳ ಸಮುದ್ರ ಯುದ್ಧ

ಹೋದ ಡಿಸೆಂಬರ್‌ನಲ್ಲಿ ದಾವಣಗೆರೆಯ ಒಂದು ವಸತಿ ಶಾಲೆಯವರು 1971ರ ಯುದ್ಧದಲ್ಲಿ ಭಾರತದ ನೌಕಾಪಡೆ ಪಾಕಿಸ್ತಾನದ ಕರಾಚಿ ಬಂದರಿನ ಮೇಲೆ ಮಾಡಿದ ದಾಳಿಯನ್ನು ತಮ್ಮ ಮೈದಾನದಲ್ಲಿ ಆಡಿ ತೋರಿಸುವ ಎರಡು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಶನಿವಾರ ರಾತ್ರಿ ಯುದ್ಧ, ಭಾನುವಾರ ಬೆಳಗ್ಗೆ ಮಾತುಕತೆ. ನಿಜವಾದ ದಾಳಿ ನಡೆದ ಡಿಸೆಂಬರ್ 4 ಕೂಡ ಶನಿವಾರವೇ. ಚಿತ್ರದುರ್ಗದಿಂದ ಹದಿನೆಂಟು ಮಕ್ಕಳನ್ನು ತಯಾರು ಮಾಡಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ನಾನು.

ಆ ಹದಿನೆಂಟರಲ್ಲಿ ಸಮುದ್ರ ನೋಡಿದವರು ಇಬ್ಬರೇ. ಉಳಿದವರಿಗೆ ದೊಡ್ಡ ನೀರು ಅಂದರೆ ಮಾರಿಕಣಿವೆ ಜಲಾಶಯ. 2022ರಲ್ಲಿ ಅದು ಕೋಡಿ ಬಿದ್ದಾಗ ಮನೆಮಂದಿಯೆಲ್ಲ ಹೋಗಿ ನೋಡಿ ಬಂದವರು. 1933ರ ಮೇಲೆ ಆವತ್ತೇ ಅಲ್ವಾ ಕೋಡಿ ಬಿದ್ದಿದ್ದು!

ಮೊದಲ ಪೆಟ್ಟು ಪತ್ರದಲ್ಲೇ ಬಿತ್ತು. ಯಾವ ಶಾಲೆಗೆ ಯಾವ ಹಡಗು ಅಂತ ಚೀಟಿ ಎತ್ತಿ ಹಂಚಿದ್ದರು. ಭಾರತದ ಕ್ಷಿಪಣಿ ದೋಣಿಗಳಾದ ನಿಪಾತ್, ನಿರ್ಘಾತ್, ವೀರ್ ಬೇರೆ ಶಾಲೆಗೆ ಹೋದವು. ನಮಗೆ ಸಿಕ್ಕಿದ್ದು ಪಾಕಿಸ್ತಾನದ ಯುದ್ಧ ಹಡಗುಗಳಾದ ಖೈಬರ್, ಮುಹಾಫಿಜ್, ಜೊತೆಗೆ ವೀನಸ್ ಚಾಲೆಂಜರ್ ಅನ್ನುವ ಸರಕು ಹಡಗು. ಅಂದರೆ ಪೆಟ್ಟು ತಿನ್ನುವವರು ನಾವು.

ಮಕ್ಕಳ ಮುಖ ಸಪ್ಪಗಾಯಿತು. "ನಾವ್ಯಾಕೆ ಸಾರ್ ಸೋಲ್ಬೇಕು?" ಅಂದಳು ಒಬ್ಬಳು. ಹೆಸರು ವಾಪಸ್ ತಗೊಳ್ತೀವಿ ಅಂತ ಇಬ್ಬರು ಬಂದರು. ಒಬ್ಬ ಹುಡುಗನ ಅಪ್ಪ ಫೋನ್ ಮಾಡಿ, "ಮೇಷ್ಟ್ರೇ, ನಮ್ಮ ಹುಡುಗನ್ನ ಪಾಕಿಸ್ತಾನದವನನ್ನ ಮಾಡ್ತೀರಂತೆ" ಎಂದರು. ಅವರಿಗೆ ಭಾಷಣ ಮಾಡಲಿಲ್ಲ. ಒಂದು ಸಂಜೆ ಮಕ್ಕಳನ್ನು ಕೋಟೆ ಹತ್ತಿಸಿ, ಓಬವ್ವನ ಕಿಂಡಿ ಹತ್ತಿರ ಕೂರಿಸಿದೆ. 1779ರಲ್ಲಿ ಈ ಕೋಟೆ ಹೈದರಾಲಿಗೆ ಹೋಯಿತು, ಮದಕರಿ ನಾಯಕ ಸೆರೆಯಾದ. ಸೋತ ಕಥೆ ನಮ್ಮೂರಿನವರಷ್ಟು ಚೆನ್ನಾಗಿ ಇನ್ಯಾರು ಹೇಳ್ತಾರೆ, ಎಂದೆ. ಎಲ್ಲರೂ ಒಪ್ಪಿದರು ಅಂತಲ್ಲ. ಆದರೆ ಹೆಸರು ವಾಪಸ್ ತಗೊಳ್ಳೋ ಮಾತು ಆಮೇಲೆ ಬರಲಿಲ್ಲ. ಅಪ್ಪ ಕೂಡ ಸುಮ್ಮನಾದರು.

ಅದೇ ಕಿಂಡಿ ಇನ್ನೊಂದು ತೊಂದರೆ ತಂದಿಟ್ಟಿತು. ನಮ್ಮ ಮಕ್ಕಳಿಗೆ ಯುದ್ಧ ಅಂದರೆ ಒನಕೆ. ತಲೆ ಕಾಣಬೇಕು, ಒನಕೆ ಬೀಳಬೇಕು. ಕರಾಚಿ ದಾಳಿಯಲ್ಲಿ ಹೊಡೆದವರು, ಹೊಡೆಸಿಕೊಂಡವರು ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆ, ಅಷ್ಟೇ. ಮೊದಲ ದಿನದ ಅಭ್ಯಾಸದಲ್ಲಿ ನಮ್ಮವರು ಕೂಗಿ, ಓಡಿ, ಕೋಲು ಬೀಸಿ ಗಲಾಟೆ ಎಬ್ಬಿಸಿದರು. ಪಿ.ಟಿ. ಮೇಷ್ಟ್ರು ನಗಾಡಿದರು.

ಮರುದಿನ ಮಾತು ಬಿಟ್ಟು ಸುಣ್ಣದ ಪುಡಿ ಹಿಡಿದೆ. ಖೈಬರ್ ಸುಮಾರು 115 ಮೀಟರ್ ಉದ್ದದ ಡಿಸ್ಟ್ರಾಯರ್. ಮೊದಲು ಬ್ರಿಟಿಷರ ನೌಕಾಪಡೆಯಲ್ಲಿದ್ದ ಹಡಗು. ಭಾರತದ ಕ್ಷಿಪಣಿ ದೋಣಿ 39 ಮೀಟರ್ ಕೂಡ ಇಲ್ಲ. ಹತ್ತರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಎರಡನ್ನೂ ಮೈದಾನದಲ್ಲಿ ಬರೆದೆವು. ಹನ್ನೊಂದೂವರೆ ಮೀಟರ್ ಹಡಗಿನ ಪಕ್ಕ ನಾಲ್ಕು ಮೀಟರ್ ದೋಣಿ. "ಇಷ್ಟುದ್ದದ್ದು ಅದನ್ನ ಮುಳುಗಿಸ್ತಾ?" ಅಂತ ಬಾಯಿ ತೆರೆದರು. ಆ ದೋಣಿಗಳಿಗೆ ಹೆಚ್ಚು ದೂರ ಹೋಗುವ ತಾಕತ್ತೂ ಇರಲಿಲ್ಲ. ಸ್ವಲ್ಪ ದೂರ ಬೇರೆ ಹಡಗುಗಳು ಹಗ್ಗ ಕಟ್ಟಿ ಎಳೆದುಕೊಂಡು ಹೋದವು. ಕೆಟ್ಟ ಟ್ರ್ಯಾಕ್ಟರ್ ಎಳೆಯೋ ಹಾಗಾ ಸಾರ್, ಅಂದ ಒಬ್ಬ. ಹಾಗೇ.

ನಿಜವಾದ ತಯಾರಿ ಎರಡು ನಿಮಿಷದ್ದು. ಅವತ್ತು ಬಳಸಿದ ರಷ್ಯಾದ ಸ್ಟಿಕ್ಸ್ ಕ್ಷಿಪಣಿಯ ವೇಗ ಶಬ್ದದ ವೇಗಕ್ಕಿಂತ ತುಸು ಕಡಿಮೆ. 40 ಕಿಲೋಮೀಟರ್ ದೂರದಿಂದ ಬಿಟ್ಟರೆ ಬಂದು ಮುಟ್ಟಲು ಎರಡು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಬೇಕು. ಕೆಂಪು ಗ್ಲಾಸ್ ಪೇಪರ್ ಸುತ್ತಿದ ಟಾರ್ಚ್ ನಮ್ಮ ಕ್ಷಿಪಣಿ. ಮೈದಾನದ ಆ ತುದಿಯಲ್ಲಿ ಅದು ಹೊತ್ತಿಕೊಂಡಾಗಿನಿಂದ ಇಲ್ಲಿ ಬಂದು ಮುಟ್ಟುವವರೆಗೆ ಖೈಬರ್‌ನವರು ಏನು ಮಾಡಬೇಕು? ಆಕಾಶದಲ್ಲಿ ಬೆಳಕು ಕಂಡಾಗ ಅವರು ವಿಮಾನ ಅಂದುಕೊಂಡರು. ವಿಮಾನ ಹೊಡೆಯುವ ಬೋಫೋರ್ಸ್ ತೋಪುಗಳನ್ನು ಹಾರಿಸಿದರು. ಮೊದಲ ಏಟಿಗೆ ಹಡಗಿನ ಕರೆಂಟ್ ಹೋಯಿತು. ಆ ಕತ್ತಲೆಯಲ್ಲೂ ವಿಮಾನ ದಾಳಿ ಅಂತಲೇ ಸಂದೇಶ ಕಳಿಸಿದರು, ತಾವಿದ್ದ ಜಾಗವನ್ನೂ ತಪ್ಪಾಗಿ ಹೇಳಿದರು. ಹಾಗಾಗಿ ಕಾಪಾಡಲು ಬಂದವರಿಗೆ ತಡವಾಯಿತು. ಎರಡನೇ ಕ್ಷಿಪಣಿಗೆ ಹಡಗು ಮುಳುಗಿತು. ಇನ್ನೂರಕ್ಕೂ ಜಾಸ್ತಿ ಜನ ಹೋದರು.

ಇದನ್ನು ಹೇಳಿದ ಮೇಲೆ ಗಲಾಟೆ ತಾನಾಗಿ ನಿಂತಿತು.

ರೇಡಿಯೋ ಹುಡುಗಿಯ ಪಾತ್ರ ಕ್ಲಾಸಿಗೇ ಫಸ್ಟ್ ಬರುವವಳಿಗೆ ಕೊಟ್ಟಿದ್ದೆ. ಅದೇ ನನ್ನ ತಪ್ಪು. ಕತ್ತಲಲ್ಲಿ ತಪ್ಪು ಅಂಕಿ ಬರೆಯಬೇಕು ಅಂತ ಎಷ್ಟು ಹೇಳಿದರೂ ಪ್ರತಿ ಸಲ ಸರಿಯಾದದ್ದನ್ನೇ ಬರೆಯುತ್ತಿದ್ದಳು. "ಗೊತ್ತಿದ್ದೂ ತಪ್ಪು ಬರೆಯೋಕೆ ಕೈ ಬರಲ್ಲ ಸಾರ್." ಕೊನೆಗೆ ಅವಳಿಗೇ ತಪ್ಪು ನಕ್ಷೆ ಕೊಟ್ಟುಬಿಟ್ಟೆ. ಅವಳ ಪ್ರಕಾರ ಸರಿಯಾಗೇ ಬರೆದಳು, ಜಾಗ ತಪ್ಪಾಯಿತು. ಪಾಪ, ಖೈಬರ್‌ನವರಿಗೂ ತಾವು ಬರೆದದ್ದು ಸರಿ ಅಂತಲೇ ಅನ್ನಿಸಿರಬೇಕು.

ಉಳಿದ ತಯಾರಿ ಎಲ್ಲ ಪ್ರವಾಸದ ಹಾಗೇ. ಅಪ್ಪ ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರ. ರಾತ್ರಿ ಉಳಿಯಬೇಕಾದ್ದರಿಂದ ಜೊತೆಗೆ ಇಬ್ಬರು ತಾಯಂದಿರು. ಸ್ವೆಟರ್ ಕಡ್ಡಾಯ, ಚಪ್ಪಲಿ ಬೇಡ, ಶೂ. ಪಟಾಕಿ ಇಲ್ಲವೇ ಇಲ್ಲ. ಒಂದು ಕೆಲಸ ಮಾತ್ರ ಯಾರೂ ತಪ್ಪಿಸಬೇಡಿ: ಕತ್ತಲಲ್ಲಿ ಓಡುವ ಮೈದಾನವನ್ನು ಹಗಲಲ್ಲಿ ಮಕ್ಕಳ ಕೈಲೇ ಉದ್ದಕ್ಕೂ ನಡೆಸಿ ಕಲ್ಲು, ಮುಳ್ಳು ಆರಿಸಿ. ನಮಗೆ ಅರ್ಧ ಬುಟ್ಟಿ ಸಿಕ್ಕಿತು. ಎರಡು ಗುಂಡಿ ಇದ್ದವು, ಸುತ್ತ ಸುಣ್ಣ ಹಾಕಿದೆವು.

ಶನಿವಾರ ಬೆಳಗ್ಗೆ ಬಸ್ ಹತ್ತಿ ಹೊರಟೆವು. ದಾವಣಗೆರೆಯಲ್ಲಿ ಇಳಿದ ತಕ್ಷಣ ಬೆಣ್ಣೆ ದೋಸೆ. ಅದಿಲ್ಲದೆ ಯಾವ ಯುದ್ಧಕ್ಕೂ ಬರುತ್ತಿರಲಿಲ್ಲ ಅನ್ನಿಸುತ್ತೆ. ನಿಪಾತ್, ನಿರ್ಘಾತ್‌ನ ಮಕ್ಕಳು ರಷ್ಯನ್ ಭಾಷೆಯಲ್ಲಿ ಎಣಿಸುತ್ತಾ ತಿರುಗುತ್ತಿದ್ದರು. ಭಾರತದ ನಾವಿಕರು ತರಬೇತಿ ಪಡೆದಿದ್ದು ರಷ್ಯಾದಲ್ಲಿ. ದಾಳಿಯ ರಾತ್ರಿ ರೇಡಿಯೋದಲ್ಲಿ ರಷ್ಯನ್ ಮಾತಾಡಿದರು ಅಂತ ಹೇಳುತ್ತಾರೆ. ಅದೀನ್, ದ್ವಾ, ತ್ರಿ. "ಮೂರಕ್ಕೆ ನಮ್ಮದೇ ತ್ರಿ ಅಲ್ವಾ ಸಾರ್" ಅಂತ ನಮ್ಮವರಿಗೂ ಖುಷಿ.

ರಾತ್ರಿ ಒಂದು ಎಡವಟ್ಟಾಯಿತು. ಅಲ್ಲಿಯವರು ಮೈದಾನದ ದೊಡ್ಡ ದೀಪ ಆರಿಸುವುದನ್ನೇ ಮರೆತರು. ಕರಾಚಿಯ ಮೇಲೆ ರಾತ್ರಿಯೇ ಹೋಗಿದ್ದಕ್ಕೆ ಕಾರಣವಿತ್ತು. ಕತ್ತಲಲ್ಲಿ ಬಂದು ಹಡಗು ಹೊಡೆಯುವ ವಿಮಾನ ಪಾಕಿಸ್ತಾನದ ಹತ್ತಿರ ಇರಲಿಲ್ಲ. ಇಲ್ಲಿ ನೋಡಿದರೆ ಮೈದಾನವೆಲ್ಲ ಜಗಮಗ. ಸ್ವಿಚ್ ಇರುವ ರೂಮಿನ ಬೀಗದ ಕೈ ಸಿಗುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಮಕ್ಕಳು ಚಳಿಯಲ್ಲಿ ನಡುಗುತ್ತಾ ಕೂತರು.

ದೀಪ ಆರಿದ ಮೇಲೆ ಮಾತ್ರ ಎಲ್ಲ ಅಂದುಕೊಂಡ ಹಾಗೇ ಆಯಿತು. ಖೈಬರ್‌ನವರು ಕೈ ಎತ್ತಿ ಆಕಾಶ ತೋರಿಸುತ್ತಾ ನಿಂತೇ ಇದ್ದರು, ಕೆಂಪು ದೀಪ ಹತ್ತಿರ ಬರುತ್ತಲೇ ಇತ್ತು. ನೋಡಲು ಬಂದವರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಹಾಫಿಜ್‌ನಲ್ಲಿದ್ದವರು ಮೂವರೇ, ಚಿಕ್ಕ ಕ್ಲಾಸಿನವರು. ನಿಜವಾದ ಮುಹಾಫಿಜ್‌ಗೆ ಸಂದೇಶ ಕಳಿಸಲೂ ಹೊತ್ತು ಸಿಗಲಿಲ್ಲ. ಬದುಕಿ ಉಳಿದವರನ್ನು ಎತ್ತಿಕೊಂಡ ಮೇಲೇ ಕರಾಚಿಯವರಿಗೆ ವಿಷಯ ಗೊತ್ತಾಗಿದ್ದು. ಅದಕ್ಕೇ ಆ ಮೂವರಿಗೆ ಹೇಳಿದ್ದೆ: ಕೂಗಬೇಡಿ, ಟಾರ್ಚ್ ಆರಿಸಿ, ಸುಮ್ನೆ ಮಲಗಿಬಿಡಿ.

ಎಲ್ಲ ಮುಗಿದು ಮಿರ್ಚಿ ಮಂಡಕ್ಕಿ ಹಂಚುವಾಗ ಎಣಿಸಿದರೆ ಹದಿನೇಳು. ಮತ್ತೆ ಎಣಿಸಿದೆ, ಹದಿನೇಳೇ. ಎದೆ ಧಸಕ್ಕೆಂದಿತು. ಹಡಗಿನ ಲೆಕ್ಕದಲ್ಲಿ ಎಣಿಸಿ ಸಾರ್, ಅಂದಳು ಒಬ್ಬ ಹುಡುಗಿಯ ತಾಯಿ. ಖೈಬರ್ ಪೂರ್ತಿ ಇತ್ತು, ಸರಕು ಹಡಗೂ ಇತ್ತು. ಮುಹಾಫಿಜ್‌ನಲ್ಲಿ ಒಬ್ಬ ಇಲ್ಲ. ಟಾರ್ಚ್ ಹಿಡಿದು ಓಡಿದರೆ ಸುಣ್ಣದ ಗೆರೆಯೊಳಗೆ, ಸ್ವೆಟರ್ ತಲೆ ಮೇಲೆ ಎಳೆದುಕೊಂಡು ಗಾಢ ನಿದ್ದೆಯಲ್ಲಿದ್ದ. ಅಲ್ಲಾಡಿಸಿ ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಎದ್ದು ಕೂತ.

"ಮಂಡಕ್ಕಿ ಖಾಲಿ ಆಯ್ತಾ ಸಾರ್?"