ಪಿಆರ್ ಇಲ್ಲದ ದುಬೈಯಲ್ಲಿ ಮನೆ ಕೊಳ್ಳುವ ಮುಂಚೆ

ರಜೆಗೆ ಉಡುಪಿಗೆ ಬಂದಾಗಲೆಲ್ಲ, ಹೊಸದಾಗಿ ದುಬೈ ಸೇರಿದ ಮಕ್ಕಳ ಅಪ್ಪ ಅಮ್ಮ ಕೇಳುವುದು ಇದನ್ನೇ: "ಅಲ್ಲಿ ಪಿಆರ್ (ಕಾಯಂ ಆಗಿ ಇರುವ ಹಕ್ಕು) ಕೊಡುವುದಿಲ್ಲ, ಮತ್ತೆ ಮನೆ ಹೇಗೆ ತೆಗೊಳ್ಳುವುದು ಮಾರಾಯ್ರೆ?"

ತೆಗೆದುಕೊಳ್ಳಬಹುದು. 2006ರ ಕಾನೂನಿನಂತೆ, ಸರಕಾರ ಗೊತ್ತುಮಾಡಿದ ಏರಿಯಾಗಳಲ್ಲಿ ಹೊರದೇಶದವರಿಗೂ ಫ್ರೀಹೋಲ್ಡ್, ಅಂದರೆ ಪೂರ್ತಿ ಸ್ವಂತ ಒಡೆತನದ ಮನೆ ಸಿಗುತ್ತದೆ. ದುಬೈ ಮರೀನಾ, ಇಂಟರ್‌ನ್ಯಾಷನಲ್ ಸಿಟಿ, ಜುಮೇರಾ ವಿಲೇಜ್ ಸರ್ಕಲ್ ಅಂಥ ಕಡೆ. ನಮ್ಮವರು ಬಾಡಿಗೆಗಿರುವ ಎಲ್ಲ ಏರಿಯಾದಲ್ಲೂ ಹೀಗಿಲ್ಲ, ಮೊದಲು ಅದನ್ನು ಕೇಳಿಕೊಳ್ಳಿ.

ವೀಸಾ ನಿಮ್ಮ ಕೆಲಸದ ಮೇಲೆ ನಿಂತಿದೆ, ಮನೆ ಹಾಗಲ್ಲ. ಕೆಲಸ ಹೋದರೂ ಟೈಟಲ್ ಡೀಡ್ (ಒಡೆತನದ ಪತ್ರ) ನಿಮ್ಮ ಹೆಸರಲ್ಲೇ ಇರುತ್ತದೆ. ಸಾಲದ ಕಂತೂ ಅಷ್ಟೇ, ನಿಮ್ಮ ಹೆಸರಲ್ಲೇ ಇರುತ್ತದೆ! ಹಾಗಾಗಿ ನಾಳೆಯೇ ಊರಿಗೆ ಹೊರಡಬೇಕಾಗಿ ಬಂದರೆ ಆ ಫ್ಲ್ಯಾಟಿನ ಬಾಡಿಗೆಯಲ್ಲಿ ಕಂತು, ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜ್ ಎರಡೂ ತೀರುತ್ತದಾ ನೋಡಿ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಇಟ್ಟುಕೊಳ್ಳದೆ ಸಹಿ ಹಾಕಬೇಡಿ. 20 ಲಕ್ಷ ದಿರ್ಹಮ್‌ನ ಆಸ್ತಿಗೆ ಕೆಲಸದ ಮೇಲೆ ನಿಲ್ಲದ 10 ವರ್ಷದ ಗೋಲ್ಡನ್ ವೀಸಾ ಸಿಗುತ್ತದೆ, ನಿಜ. ಆದರೆ ವೀಸಾದ ಆಸೆಗೆ ಕೈ ಮೀರಿ ಸಾಲ ಮಾಡುವುದು ಬೇಡವೇ ಬೇಡ.

ಕೈಯಿಂದ ಎಷ್ಟು ಹಾಕಬೇಕು? 10 ಲಕ್ಷ ದಿರ್ಹಮ್‌ನ ಕಟ್ಟಿ ಮುಗಿದ ಫ್ಲ್ಯಾಟ್, ನಿಮ್ಮ ಮೊದಲ ಮನೆ ಅಂತ ಇಟ್ಟುಕೊಳ್ಳೋಣ. ಬ್ಯಾಂಕ್ ಹೆಚ್ಚೆಂದರೆ ಶೇ. 80 ಕೊಡುತ್ತದೆ. ಉಳಿದ 2 ಲಕ್ಷ ನಿಮ್ಮದು. ಲ್ಯಾಂಡ್ ಡಿಪಾರ್ಟ್‌ಮೆಂಟ್‌ಗೆ ಶೇ. 4, ಅಂದರೆ 40,000. ಏಜೆಂಟ್‌ಗೆ ಸಾಮಾನ್ಯವಾಗಿ ಶೇ. 2, ಅದರ ಮೇಲೆ ವ್ಯಾಟ್ ಸೇರಿ 21,000. ಸಾಲದ ನೋಂದಣಿಗೆ 2,000 ಚಿಲ್ಲರೆ. 2025ರ ಫೆಬ್ರವರಿಯಿಂದ ಈ ಫೀ, ಕಮಿಷನ್‌ಗಳನ್ನು ಸಾಲದಲ್ಲಿ ಸೇರಿಸಲು ಬ್ಯಾಂಕ್‌ಗಳಿಗೆ ಅನುಮತಿ ಇಲ್ಲ. ವ್ಯಾಲ್ಯುಯೇಶನ್, ಪ್ರೊಸೆಸಿಂಗ್ ಎಲ್ಲ ಬೇರೆ. 2 ಲಕ್ಷ ಇದೆ ಅಂತ ಹೊರಟವರು 60-70 ಸಾವಿರಕ್ಕೆ ಅಲ್ಲಿ ಇಲ್ಲಿ ಕೈಸಾಲ ಕೇಳುವುದು ಇಲ್ಲೇ.

ಇನ್ನೂ ಕಟ್ಟುತ್ತಿರುವ ಮನೆಗೆ ಸಾಲ ಶೇ. 50 ಮಾತ್ರ. ಅದರ ದುಡ್ಡನ್ನು ಆ ಪ್ರಾಜೆಕ್ಟ್‌ನ ಎಸ್ಕ್ರೋ ಖಾತೆಗೇ (ಆ ಪ್ರಾಜೆಕ್ಟ್‌ಗೆಂದೇ ದುಡ್ಡು ಕಾದಿಡುವ ಬ್ಯಾಂಕ್ ಖಾತೆ) ಕಟ್ಟಿ. ಏಜೆಂಟ್ ಎಷ್ಟೇ ಪರಿಚಯದವನಾಗಲಿ, ನಮ್ಮ ಕುಂದಾಪುರದವನೇ ಆಗಲಿ, ಅವನ ಖಾತೆಗೆ ಹಾಕಬೇಡಿ. ಪ್ರಾಜೆಕ್ಟ್ ಎಲ್ಲಿಗೆ ಬಂದಿದೆ ಅಂತ ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ದುಬೈ ರೆಸ್ಟ್ ಆ್ಯಪ್‌ನಲ್ಲಿ ನೀವೇ ನೋಡಬಹುದು.

ಊರಿನ ದುಡ್ಡಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಇರುವ ಹತ್ತು ಸೆಂಟ್ಸ್ ಮಾರಿ ಕಳಿಸುತ್ತೇವೆ ಅಂತ ಮನೆಯವರು ಹೇಳುತ್ತಾರೆ. ಜಾಗ ಅಪ್ಪನ ಹೆಸರಲ್ಲಿದ್ದರೆ, ಅವರು ಬ್ಯಾಂಕ್ ಮೂಲಕ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಅದು ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯ ತನಕ ಆ ದುಡ್ಡು ಕೈಗೆ ಸಿಗುವುದಿಲ್ಲ, ಲೆಕ್ಕದಲ್ಲಿ ಇಟ್ಟುಕೊಳ್ಳಿ. ಜಾಗ ನಿಮ್ಮದೇ ಆಗಿದ್ದರೆ ದುಡ್ಡು, ಅನಿವಾಸಿಗಳು ಊರಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಒ ಖಾತೆಗೆ ಬರಬೇಕು. ತೆರಿಗೆ ಕಟ್ಟಿ, ಸಿಎ ಹತ್ತಿರ ತೆರಿಗೆಯ ಸರ್ಟಿಫಿಕೇಟ್ ಮಾಡಿಸಿ, ವರ್ಷಕ್ಕೆ 10 ಲಕ್ಷ ಡಾಲರ್ ತನಕ ಕಳಿಸಬಹುದು. ಹುಂಡಿಯಲ್ಲಿ (ಬ್ಯಾಂಕ್ ಬಿಟ್ಟು ದುಡ್ಡು ದಾಟಿಸುವ ಹವಾಲಾ) ಬೇಗ ಆಗುತ್ತದೆ ಅನ್ನುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಮುಂದೆ ಊರಿಗೆ ಮರಳಿದಾಗ ದುಬೈ ಮನೆಯನ್ನು ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಆದರೆ ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕಾಗುತ್ತದೆ. ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೆ ಆಗ ಕಾಗದ ಬೇಕು ಅಲ್ವಾ?

ಮನೆ ಆದ ಮೇಲೆ ವಿಲ್ ಮಾಡಿ. ದುಬೈಯ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ 2015ರಿಂದ ಮುಸ್ಲಿಮೇತರರ ವಿಲ್ ನೋಂದಣಿ ಇದೆ. ಚಿಕ್ಕ ವಯಸ್ಸು ಅಂತ ಇದನ್ನು ಮುಂದೂಡಬೇಡಿ. ಹೆಂಡತಿ ಮಕ್ಕಳು ಊರಲ್ಲೇ ಇದ್ದರಂತೂ ಇದು ಅವರಿಗೆ ತುಂಬಾ ಮುಖ್ಯ.

ರಿಜಿಸ್ಟ್ರೇಶನ್ ಹೊತ್ತಿಗೆ ನೀವು ರಜೆಯಲ್ಲಿ ಊರಲ್ಲಿರುವ ಹಾಗಿದ್ದರೆ, ಪವರ್ ಆಫ್ ಅಟಾರ್ನಿಯನ್ನು ದುಬೈಯಲ್ಲೇ ನೋಟರಿ ಮುಂದೆ ಮಾಡಿಸಿ ಹೊರಡಿ. ಮಂಗಳೂರಿನಲ್ಲಿ ಮಾಡಿಸಿದರೆ ನೋಟರಿ, ನಮ್ಮ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಆಮೇಲೆ ಅರೇಬಿಕ್ ಅನುವಾದ ಅಂತ ಒಂದೊಂದಾಗಿ ಮುಗಿಸುವಾಗ ರಜೆಯೇ ಮುಗಿಯುತ್ತದೆ.